ಒಂದು ಮುದ್ದೆ ಅಂದರೆ ಎಷ್ಟು

ಹೋದ ತಿಂಗಳು ಚಿತ್ರದುರ್ಗದಲ್ಲಿ ಡಾಕ್ಟರ ಬೀಳ್ಕೊಡುಗೆ ಸಮಾರಂಭ ನಡೆಯಿತು. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಅವರ ಶಿಷ್ಯನೊಬ್ಬ, ಈಗ ತಾನೂ ಹೆಸರು ಮಾಡುತ್ತಿರುವ ಸರ್ಜನ್, ಮೈಕ್ ಹಿಡಿದು ಮುದ್ದೆಯ ಕಥೆ ಹೇಳಿದ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಒಂದು ಮನೆಯಲ್ಲಿ ಊಟಕ್ಕೆ ಕುಳಿತ ಡಾಕ್ಟರು, ತಮ್ಮ ನಾಲ್ಕು ವರ್ಷಗಳ ಸಂಶೋಧನೆಯಲ್ಲಿದ್ದ ತಪ್ಪನ್ನು ತಟ್ಟೆಯ ಮೇಲೇ ಕಂಡುಹಿಡಿದರಂತೆ. "ಅದಕ್ಕೂ ಮೊದಲು ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ" ಎಂದ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆ ಮಾತು ನಿಜವಲ್ಲ. ಅವರಿಗಿಂತ ಆರು ತಿಂಗಳು ಮೊದಲೇ ಅದು ಒಬ್ಬರ ಕಣ್ಣಿಗೆ ಬಿದ್ದಿತ್ತು. ಆ ಕಣ್ಣು ನನ್ನದು.

ನನ್ನನ್ನೂ ಎರಡು ಮಾತಾಡಲು ಕರೆದರು. ಡಾಕ್ಟರು ಮಾತಾಡುತ್ತಲೇ ಕುರ್ಚಿಯ ಕೈಗೆ ದಾರ ಕಟ್ಟುತ್ತಿದ್ದ ಚಾಳಿಯ ಬಗ್ಗೆ ಹೇಳಿ, ಎಲ್ಲರನ್ನೂ ನಗಿಸಿ ಇಳಿದೆ. ಬಸ್ಸಿನಲ್ಲಿ ಹೊಳಲ್ಕೆರೆಗೆ ವಾಪಸ್ ಬರುವಾಗ ಏನನ್ನೋ ಮುಚ್ಚಿಟ್ಟವಳಂತೆ ನನಗೆ ನನ್ನ ಮೇಲೇ ಬೇಸರವಾಯಿತು. ಮನೆಗೆ ಬಂದವಳೇ ಹಳೆಯ ಡೈರಿಗಳನ್ನು ಅಟ್ಟದಿಂದ ಇಳಿಸಿದೆ. ಈ ಬರಹಕ್ಕೂ ಅವನ್ನೇ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ನನ್ನ ನೆನಪು ನನ್ನ ಪರವಾಗಿ ವಾದ ಮಾಡುವ ವಕೀಲನಂತೆ ವರ್ತಿಸುವುದನ್ನು ಹಲವು ಸಲ ಕಂಡಿದ್ದೇನೆ. ಡೈರಿಯೂ ಸಾಚಾ ಅಂತಲ್ಲ, ಆದರೆ ಅದಕ್ಕೆ ಆಮೇಲೆ ಏನಾಯಿತು ಎಂದು ಗೊತ್ತಿರುವುದಿಲ್ಲ. ಅಷ್ಟರಮಟ್ಟಿಗೆ ಅದು ನನಗಿಂತ ವಾಸಿ.

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದ ದಿನಗಳಲ್ಲಿ ಅವರಲ್ಲಿಗೆ ಕೆಲಸ ಕೇಳಿಕೊಂಡು ಹೋದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಿಗೆ ಸಮಾಜಶಾಸ್ತ್ರದವಳು ಯಾಕೆ ಬೇಕು ಎಂಬ ಅನುಮಾನ ನನಗಿತ್ತು. ಎಕ್ಸ್‌ರೇ ಫಿಲ್ಮ್ ಇಡುವ ಹಳೆಯ ಕೋಣೆಯೊಂದನ್ನು ತಮ್ಮ ಸಂಶೋಧನೆಯ ಕೋಣೆ ಮಾಡಿಕೊಂಡಿದ್ದರು. ಕಿಟಕಿಯಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದವು. ಕುಳ್ಳಗಿನ ಮನುಷ್ಯ, ತೋಳು ಮಡಿಸಿದ ಶರ್ಟು, ಮೊಣಕೈವರೆಗೂ ತೊಳೆದು ತೊಳೆದು ಬಿಳಿಚಿಕೊಂಡ ಚರ್ಮ. ಕೈಯಲ್ಲೊಂದು ಗಾಯ ಹೊಲಿಯುವ ಕಪ್ಪು ರೇಷ್ಮೆ ದಾರ. ಅದನ್ನು ಕುರ್ಚಿಯ ಕೈಗೆ ಗಂಟು ಹಾಕುತ್ತಾ, ಬಿಚ್ಚದೆ ಅದರ ಮೇಲೆ ಇನ್ನೊಂದು ಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದರು:

"ಬಸ್ಸಲ್ಲಿ ವಾಂತಿ ಆಗ್ತೈತಾ?"

"ಇಲ್ಲ ಸರ್."

"ಗೊತ್ತಿಲ್ದೇ ಇದ್ರೆ ಏನ್ ಮಾಡ್ತೀಯ?"

"ಕೇಳ್ತೀನಿ ಸರ್."

ಈ ಎರಡನೆಯ ಪ್ರಶ್ನೋತ್ತರವನ್ನು ನಾನು ಎಷ್ಟೋ ಜನರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಡೈರಿಯಲ್ಲಿ ಬಸ್ಸಿನ ಪ್ರಶ್ನೆ ಮಾತ್ರ ಇದೆ. ಇನ್ನೊಂದನ್ನು ನಾನು ಯಾವಾಗ ಸೇರಿಸಿಕೊಂಡೆನೋ ಗೊತ್ತಿಲ್ಲ.

ಕೆಲಸ ಹೀಗಿತ್ತು. ಜಠರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಜಠರದ ದೊಡ್ಡ ಭಾಗವನ್ನು ತೆಗೆದು, ಉಳಿದ ತುಣುಕನ್ನು ಸಣ್ಣ ಕರುಳಿಗೆ ಜೋಡಿಸಬೇಕು. ಜೋಡಿಸಲು ಎರಡು ಬಗೆಗಳಿವೆ. ಎರಡೂ ಹಳೆಯವು, ಎರಡೂ ಒಪ್ಪಿತವಾದವು. ನಮ್ಮ ಕಡೆಯ ಜನ ಯಾವ ಜೋಡಣೆಯಿಂದ ಮುಂದೆ ಚೆನ್ನಾಗಿ ಉಣ್ಣುತ್ತಾರೆ ಎಂಬುದು ಅವರ ಪ್ರಶ್ನೆ. ಒಪ್ಪಿಗೆ ಕೊಟ್ಟ ರೋಗಿಗಳಿಗೆ ಮುಚ್ಚಿದ ಲಕೋಟೆಯೊಂದನ್ನು ತೆರೆದು, ಅದರಲ್ಲಿ ಬಂದ ಬಗೆಯಲ್ಲಿ ಜೋಡಣೆ ಮಾಡುತ್ತಿದ್ದರು. ಯಾರಿಗೆ ಯಾವುದಾಗಿದೆ ಎಂದು ನನಗೆ ತಿಳಿಸುತ್ತಿರಲಿಲ್ಲ. ನಾನು ತೂಕದ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು, ಬಸ್ಸು ಹಿಡಿದು, ಮೂರು ತಿಂಗಳಿಗೊಮ್ಮೆ ಅವರ ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಂಡು ಬರಬೇಕು.

ಲಕೋಟೆಯ ವಿಷಯವನ್ನು ರೋಗಿಗಳಿಗೆ ಅವರು ಹೇಳುತ್ತಿದ್ದ ರೀತಿ ನೋಡಲು ನಾನು ಬೇಕೆಂದೇ ಬಾಗಿಲ ಬಳಿ ನಿಲ್ಲುತ್ತಿದ್ದೆ. ಯಲ್ಲದಕೆರೆಯಿಂದ ಬಂದಿದ್ದ ಕುರಿ ಸಾಕುವ ಅಜ್ಜನೊಬ್ಬ, ಈರಜ್ಜ ಎಂದಿಟ್ಟುಕೊಳ್ಳೋಣ (ರೋಗಿಗಳ ನಿಜ ಹೆಸರು ಹೇಳುವ ಹಕ್ಕು ನನಗಿಲ್ಲ), ಎಲ್ಲವನ್ನೂ ಕೇಳಿ ಕೇಳಿ ಕೊನೆಗೆ ಅಂದ:

"ಅಂದ್ರೆ ಲಾಟ್ರೀನಾ ಸಾರ್?"

"ಹೂಂ ಅಜ್ಜ, ಒಂಥರಾ ಲಾಟ್ರೀನೇ."

"ಎರಡ್ರಾಗೆ ಯಾವ್ದು ಒಳ್ಳೇದು?"

"ನಂಗೊತ್ತಿಲ್ಲ. ಗೊತ್ತಿದ್ರೆ ಲಾಟ್ರಿ ಯಾಕ್ ಮಾಡ್ತಿದ್ದೆ?"

ಅಜ್ಜ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಡಾಕ್ಟ್ರಿಗೇ ಗೊತ್ತಿಲ್ವಂತೆ. ನಡೀಲೇ ಮಾರಕ್ಕ, ಹೋಗಾಣ" ಎಂದು ಸೊಸೆಯನ್ನು ಕರೆದುಕೊಂಡು ಹೊರಟೇಹೋದ. ಡಾಕ್ಟರು ತಡೆಯಲಿಲ್ಲ. ಎರಡು ದಿನ ಬಿಟ್ಟು ಅದೇ ಅಜ್ಜ ಅದೇ ಟವೆಲ್ಲಿನೊಂದಿಗೆ ಬಾಗಿಲಲ್ಲಿ ನಿಂತಿದ್ದ. "ಇನ್ನೊಂದಿಬ್ರು ಡಾಕ್ಟ್ರ ತಾವ ಹೋಗಿದ್ದೆ ಸಾರ್. ಅವ್ರಿಗೆಲ್ಲಾ ಗೊತ್ತೈತಂತೆ. ನಂಗ್ಯಾಕೋ ಭಯ ಆತು. ನೀವೇ ಮಾಡ್ರಿ."

ಡಾಕ್ಟರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಮಾತೆಂದರೆ "ಅಂದ್ರೆ ಎಷ್ಟು?" ನೋವು ಕಮ್ಮಿ ಎಂದರೆ, ಅಂದ್ರೆ ಎಷ್ಟು? ಊರು ಹತ್ತಿರ ಎಂದರೆ, ಅಂದ್ರೆ ಎಷ್ಟು? ಒಮ್ಮೆ ಆಸ್ಪತ್ರೆಯ ಕಾರಿಡಾರಿನಲ್ಲಿ ಎದುರಾದ ಅವರ ಹಳೆಯ ಸಹಪಾಠಿ "ನಿನ್ನ ನೋಡಿ ಭಾಳ ಖುಷಿ ಆಯ್ತಪ್ಪ" ಅಂದಾಗಲೂ ಆ ಮಾತು ಅವರ ತುಟಿಯವರೆಗೆ ಬಂದಿತ್ತು. ಪಕ್ಕದಲ್ಲಿದ್ದ ನನಗದು ಕಾಣಿಸಿತು. ಹೇಗೋ ತಡೆದುಕೊಂಡರು.

ಆದರೆ ನಾನು ಒಯ್ಯುತ್ತಿದ್ದ ಪ್ರಶ್ನಾವಳಿಗೆ ಆ ಗುಣವಿರಲಿಲ್ಲ. ಎಲ್ಲೋ ಹೊರದೇಶದಲ್ಲಿ ತಯಾರಾಗಿ, ಯಾರೋ ಕನ್ನಡಕ್ಕೆ ತಂದಿದ್ದು. ಕಳೆದ ವಾರ ಊಟದ ವೇಳೆ ಹೊಟ್ಟೆ ಬೇಗನೆ ತುಂಬಿದ ಅನುಭವವಾಯಿತೇ? ಸ್ವಲ್ಪವೂ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ರಾಮಗಿರಿಯಲ್ಲಿ ಒಬ್ಬ ಹೆಂಗಸು ನನ್ನ ಮೂವತ್ತು ಪ್ರಶ್ನೆಗೂ "ಪರವಾಗಿಲ್ಲ ಕಣಮ್ಮ" ಎಂಬ ಒಂದೇ ಉತ್ತರ ಕೊಟ್ಟಳು. ಕೊನೆಗೆ ಅವಳೇ ನನ್ನ ಮೇಲೆ ಕನಿಕರಪಟ್ಟು, "ಬಿಸ್ಲಾಗೆ ಇದನ್ನ ಕೇಳಾಕೆ ಬಂದ್ಯಾ?" ಎಂದಳು. ಇದನ್ನು ಹೇಳಿದಾಗ ಡಾಕ್ಟರು ಅರ್ಧ ಗಂಟೆ ಕುರ್ಚಿಗೆ ಗಂಟು ಹಾಕುತ್ತಾ ಕುಳಿತಿದ್ದರು.

"ನಮ್ ಕಡೆ ಮನುಷ್ಯ ಹುಷಾರಾದ್ನೋ ಇಲ್ವೋ ಅಂತ ಹೆಂಗ್ ಕೇಳ್ತಾರಮ್ಮ?"

"ಊಟ ಸೇರ್ತದಾ ಅಂತ."

"ಅದಕ್ಕೆ ಏನಂತಾರೆ?"

"ಒಂದು ಮುದ್ದೆ ಉಣ್ತೀನಿ, ಅರ್ಧ ಉಣ್ತೀನಿ ಅಂತಾರೆ."

ದಾರ ಅಲ್ಲೇ ನಿಂತಿತು. ಅಂದಿನಿಂದ ಪ್ರಶ್ನಾವಳಿಗೆ ಒಂದು ಹೊಸ ಪ್ರಶ್ನೆ ಬಂತು: ಒಂದು ಹೊತ್ತಿಗೆ ಎಷ್ಟು ಮುದ್ದೆ ಉಣ್ಣುತ್ತೀರಿ? ಅದನ್ನು ನೈತಿಕ ಸಮಿತಿಯ ಮುಂದಿಟ್ಟು ಒಪ್ಪಿಸಿದರು. ಸಮಿತಿಯಲ್ಲಿ ಬೆಂಗಳೂರಿನವರೊಬ್ಬರು ಅನ್ನ ಉಣ್ಣುವವರ ಗತಿಯೇನು ಎಂದು ಕೇಳಿದರಂತೆ. "ಅವರಿಗೆ ಬೇರೆ ಡಾಕ್ಟ್ರು ಅದಾರೆ" ಎಂದು ಬಂದಿದ್ದರು. ಆ ಪ್ರಶ್ನೆಯ ಬಗ್ಗೆ ಅವರಿಗಿದ್ದ ಹೆಮ್ಮೆಯನ್ನು ನಾನು ಮರೆತಿಲ್ಲ. ತಾವು ಮಾಡಿದ ಯಾವ ಆಪರೇಷನ್ ಬಗ್ಗೆಯೂ ಅವರು ಅಷ್ಟು ಹೆಮ್ಮೆಪಟ್ಟಿದ್ದನ್ನು ನೋಡಲಿಲ್ಲ.

ಇನ್ನೊಂದು ನಿಯಮವೂ ಅವರದೇ. ರೋಗಿಗಳ ಮನೆಯಲ್ಲಿ ನೀರು ಕುಡಿಯಬಹುದು, ಟೀ ಕುಡಿಯಬಹುದು, ಊಟ ಮಾತ್ರ ಮಾಡಬಾರದು. "ಉಂಡ ಮನೆಯೋರು ಕಷ್ಟದಾಗವ್ರೆ ಅಂತ ಬರೆಯಾಕೆ ಪೆನ್ನು ಓಡಲ್ಲ. ಉಣ್ಸಿದ ಮನೆಯೋರೂ ನಿಂಗೆ ಬೇಜಾರಾಗೋ ಉತ್ತರ ಕೊಡಲ್ಲ." ನನಗಿಂತ ಮೊದಲಿದ್ದ ಸಹಾಯಕ ಒಂದು ಮನೆಯಲ್ಲಿ ಹೋಳಿಗೆ ತಿಂದು ಬಂದು, ಆ ರೋಗಿಗೆ ಎಲ್ಲ ಪ್ರಶ್ನೆಗೂ ಪೂರ್ತಿ ಅಂಕ ಹಾಕಿದ್ದನಂತೆ. ಮರುದಿನವೇ ಅವನನ್ನು ಕೆಲಸದಿಂದ ಕಳಿಸಿದ್ದರು. ಸೇರಿದ ದಿನವೇ ಈ ಕಥೆಯನ್ನು ನನಗೆ ಹೇಳಿದರು, ನಗುತ್ತಾ, ಆದರೆ ಕಣ್ಣು ನಗುತ್ತಿರಲಿಲ್ಲ.

ಈಗ ಶ್ರೀರಾಂಪುರದ ವಿಷಯಕ್ಕೆ ಬರಬೇಕು.

ನನ್ನ ನೆನಪಿನಲ್ಲಿ ಅದು ಹೀಗಿದೆ: ಬಸ್ಸು ಕೆಟ್ಟು ತಡವಾಯಿತು, ಹಸಿವಾಗಿತ್ತು, ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ರೋಗಿಯೊಬ್ಬರ ಮನೆಯಲ್ಲಿ ಅವರ ಹೆಂಡತಿ ಒತ್ತಾಯ ಮಾಡಿದರು, ನಾನು ಒಂದಿಷ್ಟು ಅನ್ನ ಸಾರು ಉಂಡೆ. ಈ ಅನ್ನ ಸಾರು ನನ್ನ ಕಣ್ಣ ಮುಂದೆ ಈಗಲೂ ಹಬೆಯಾಡುತ್ತದೆ. ತಟ್ಟೆಯ ಅಂಚಿನ ಹೂವು ಕೂಡ ನೆನಪಿದೆ.

ಡೈರಿ ಹೇಳುವುದು: "ಇವತ್ತು ಶ್ರೀರಾಂಪುರದಲ್ಲಿ ಊಟ ಮಾಡಿದೆ. ಯಾರಿಗೂ ಹೇಳಬಾರದು. ನನಗೆ ಹಾಕಿದ ಮುದ್ದೆ ಯಜಮಾನರದ್ದಕ್ಕಿಂತ ಎರಡರಷ್ಟಿತ್ತು. ಪೂರ್ತಿ ಮಾಡಲು ಆಗಲಿಲ್ಲ. ಅವರು ಒಂದು ಮುದ್ದೆ ಅಂದರು, ಫಾರಂನಲ್ಲಿ ಒಂದು ಎಂದು ಬರೆದೆ."

ಅನ್ನವಲ್ಲ, ಮುದ್ದೆ. ನೆನಪು ತಟ್ಟೆಯನ್ನೂ ಹೂವನ್ನೂ ಇಟ್ಟುಕೊಂಡು, ಮುದ್ದೆಯನ್ನು ಮಾತ್ರ ಬದಲಾಯಿಸಿತ್ತು. ನಾನು ಏನನ್ನೂ ಕಂಡಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಅನ್ನಕ್ಕೆ ಗಾತ್ರವಿಲ್ಲವಲ್ಲ.

ಕಂಡದ್ದನ್ನು ಫಾರಂನಲ್ಲಿ ಬರೆದಿದ್ದರೆ ಎಲ್ಲಿ ಕಂಡೆ ಎಂದು ಡಾಕ್ಟರು ಕೇಳುತ್ತಿದ್ದರು. ಉಂಡದ್ದು ಗೊತ್ತಾಗುತ್ತಿತ್ತು. ಅಷ್ಟೇ ಕಾರಣ. ಕಂಡದ್ದು ಎಷ್ಟು ದೊಡ್ಡ ಸಂಗತಿ ಎಂಬುದು ನನಗಾಗ ಅರ್ಥವಾಗಿರಲಿಲ್ಲ ಎಂದೂ ಸೇರಿಸಬಹುದು. ಅರ್ಥವಾಗಿರದಿದ್ದರೆ ಡೈರಿಯಲ್ಲಿ ಯಾಕೆ ಬರೆದೆ?

ಆಮೇಲಿನ ತಿಂಗಳುಗಳು ಡಾಕ್ಟರ ಪಾಲಿಗೆ ಹಬ್ಬದಂತಿದ್ದವು. ಎರಡು ಜೋಡಣೆಗಳಲ್ಲಿ ಒಂದು ಗೆಲ್ಲುವಂತೆ ಕಾಣುತ್ತಿತ್ತು. ಅದು ಅವರು ಮೊದಲಿನಿಂದ ಮೆಚ್ಚಿದ್ದ ಜೋಡಣೆಯೇ. ಅದಾದವರು ಹೆಚ್ಚು ಮುದ್ದೆ ಉಣ್ಣುತ್ತಿದ್ದರು. ದೊಡ್ಡ ಸಮ್ಮೇಳನವೊಂದಕ್ಕೆ ಸಾರಾಂಶ ಕಳಿಸಿದರು, ಅದು ಒಪ್ಪಿಗೆಯೂ ಆಯಿತು. ಆದರೆ ಒಂದು ಮಾತು ಅವರನ್ನು ಕೊರೆಯುತ್ತಿತ್ತು. ಮುದ್ದೆ ಚೆನ್ನಾಗಿ ಉಣ್ಣುತ್ತೇವೆ ಎನ್ನುವವರ ತೂಕ ಏರುತ್ತಿರಲಿಲ್ಲ. ಕೆಲವರದು ಇಳಿಯುತ್ತಿತ್ತು.

"ಇಷ್ಟು ಮುದ್ದೆ ಎಲ್ಲಿಗೆ ಹೋಗ್ತೈತೆ?" ಎಂದು ನನ್ನನ್ನೇ ಕೇಳುತ್ತಿದ್ದರು, ನಾನು ಕದ್ದೆನೇನೋ ಎಂಬಂತೆ. ಮೊದಲು ತೂಕದ ಯಂತ್ರದ ಮೇಲೆ ಅನುಮಾನ ಬಂತು. ದಿನಾ ಬೆಳಗ್ಗೆ ಒಂದು ಕಲ್ಲನ್ನು ಅದರ ಮೇಲಿಟ್ಟು ನೋಡತೊಡಗಿದರು. ಕಲ್ಲು ದಿನವೂ ಅಷ್ಟೇ ತೂಗುತ್ತಿತ್ತು. ಆಮೇಲೆ ಕರುಳು ಹೀರಿಕೊಳ್ಳುತ್ತಿಲ್ಲವೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಗೊತ್ತಿಲ್ಲದಿರುವುದು ಅವರಿಗೆ ಚಿಂತೆ ತರುತ್ತಿರಲಿಲ್ಲ, ಹಸಿವು ತರುತ್ತಿತ್ತು. ಪುಸ್ತಕ ಎತ್ತಿಕೊಂಡು ಬರುವಾಗ ಹೆಜ್ಜೆ ಚುರುಕಾಗುತ್ತಿತ್ತು. ನಾನು ಎದುರಿಗೇ ಕುಳಿತು ಫಾರಂಗಳನ್ನು ಜೋಡಿಸುತ್ತಿದ್ದೆ.

ಕೊನೆಗೆ "ನಾನೇ ನೋಡ್ಬೇಕು" ಎಂದು ನನ್ನೊಂದಿಗೆ ಬಸ್ಸು ಹತ್ತಿದರು. ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಯಲ್ಲದಕೆರೆಯಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಈರಜ್ಜ ಕುರಿಹಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ. ತೂಕ ನೋಡಿದೆವು. ಮತ್ತೆ ಇಳಿದಿತ್ತು.

"ಊಟ ಹೆಂಗೈತೆ ಅಜ್ಜ?"

"ಒಂದ್ ಮುದ್ದೆ ಸಲೀಸು ಸಾರ್. ಬರ್ರಿ, ನೀವೂ ಉಣ್ಣುವಿರಂತೆ."

"ಇಲ್ಲ ಅಜ್ಜ, ನಾವು ಉಣ್ಣಂಗಿಲ್ಲ."

"ಯಾಕ್ರಿ? ನನ್ ಹೊಟ್ಟೆ ಕೊಯ್ದು ಒಳಗೆಲ್ಲಾ ನೋಡೀರಿ. ನನ್ ಮನೆ ಒಳಗೆ ಬರಾಕೆ ಏನ್ರಿ ನಿಮ್ಗೆ?"

ಡಾಕ್ಟರು ನನ್ನ ಮುಖ ನೋಡಿದರು. ನಿಯಮ ಮಾಡಿದವರೇ ನಿಯಮ ಮುರಿಯಲು ನನ್ನ ಅಪ್ಪಣೆ ಕೇಳುತ್ತಿದ್ದರು. ಅವರೇ ಬೇಡ ಎನ್ನಲಿ ಎಂದು ನಾನು ಹಾರೈಸಿದೆ ಎಂದು ನೆನಪು ಹೇಳುತ್ತದೆ. ಡೈರಿಯಲ್ಲಿ ಅದಿಲ್ಲ. ಅವರು ಮೊಣಕೈವರೆಗೆ ಕೈ ತೊಳೆದು ಅಜ್ಜನ ಪಕ್ಕ ಕುಳಿತರು. ನಾನು ನೀರು ಮಾತ್ರ ಸಾಕೆಂದೆ.

ಮಾರಕ್ಕ ತಂದಿಟ್ಟಳು. ಅತಿಥಿಯ ತಟ್ಟೆಯಲ್ಲಿ ದೊಡ್ಡ ಮುದ್ದೆ, ಹುರುಳಿ ಸಾರಿನ ನಡುವೆ ಬಂಡೆಯಂತೆ ಕೂತಿತ್ತು. ಅಜ್ಜನ ತಟ್ಟೆಯಲ್ಲಿ ಒಂದು ಕಿತ್ತಳೆಯಷ್ಟು. ಡಾಕ್ಟರು ಕೈ ಇಡಲಿಲ್ಲ. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು.

"ಮಾರಕ್ಕ, ಇದೆಷ್ಟು ಮುದ್ದೆ?"

"ಒಂದು ಸಾರ್. ಸಾಕಾಗಲ್ವಾ? ಇನ್ನೊಂದ್ ಐತೆ."

"ಅಜ್ಜಂದು?"

"ಅದೂ ಒಂದೇ."

ಅವರು ತಟ್ಟೆ ಬಿಟ್ಟು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ನಾನೂ ಹಿಂದೆ ಹೋದೆ. ಒಲೆಯ ಪಕ್ಕ ಮನೆಯವರಿಗೆಂದು ಮುಚ್ಚಿಟ್ಟಿದ್ದ ಮುದ್ದೆಗಳು ಎಲ್ಲವೂ ಕಿತ್ತಳೆಯಷ್ಟೇ ಇದ್ದವು. ಮಾರಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು.

"ನೀವೇ ಅಲ್ವಾ ಸಾರ್ ಸ್ವಲ್ಪ ಸ್ವಲ್ಪ ಉಣ್ಸು ಅಂದಿದ್ದು? ಚಿಕ್ಕದು ಕಟ್ಟಿದ್ರೆ ಮಾವ ನನ್ ತಟ್ಟೆ ನೋಡ್ತಿದ್ರು, ಅವ್ರದ್ ನೋಡ್ಕೊಳ್ತಿದ್ರು. ನಾನೀಗ ಕೂಸು ಆಗ್ಬಿಟ್ಟೆ ಅಂತ ಎದ್ದು ಹೋಗೋರು. ಅದಕ್ಕೇ ಎಲ್ಲಾರ್ದೂ ಒಂದೇ ಅಳತೆ ಮಾಡ್ಬಿಟ್ಟೆ. ಒಂದ್ ಮುದ್ದೆ ಮುಗಿಸ್ದೆ ಅಂತ ಅವ್ರೂ ಖುಷಿಯಾಗವ್ರೆ."

"ನಿಂಗೆ ಸಾಕಾಗ್ತೈತೇನಮ್ಮ?"

ಹೊರಗಿನಿಂದ ಅಜ್ಜನ ದನಿ ಬಂತು: "ಏನ್ಲೇ ಅದು ಗುಸುಗುಸು? ಡಾಕ್ಟ್ರ ಮುದ್ದೆ ಆರಿ ಹೋಗ್ತೈತೆ!"

ಡಾಕ್ಟರು ಬಂದು ಕುಳಿತು ಆ ದೊಡ್ಡ ಮುದ್ದೆಯನ್ನು ಒಂದು ತುಣುಕೂ ಬಿಡದೆ ನುಂಗಿದರು. ಆಮೇಲೆ "ಮಿಷನ್ ಸರಿ ಐತಾ ನೋಡ್ಬೇಕು, ಹತ್ತಮ್ಮ" ಎಂದು ಮಾರಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನಂಬರು ನೋಡಿ, ಅವಳಿಗೆ ಮಾತ್ರ ಕೇಳುವಂತೆ, "ಒಳಗೆ ಇನ್ನೊಂದು ಉಣ್ಣು. ಇದು ಔಷಧಿ ಅಂತ ತಿಳ್ಕೋ" ಎಂದರು. ಅವಳು ತಟ್ಟೆಗಳನ್ನು ತೊಳೆಯಲು ಹಿಂದಕ್ಕೆ ಹೋದಾಗ ಅಜ್ಜ ನಮ್ಮ ಕಡೆ ಬಗ್ಗಿದ.

"ನಮ್ಮನೇಲಿ ಈಗ ಎಲ್ಲಾರೂ ಗುಬ್ಬಿ ಮುದ್ದೆ ಉಣ್ತಾರೆ ಸಾರ್. ನಂಗೊತ್ತಾಗಲ್ಲ ಅನ್ಕಂಡವ್ರೆ."

"ಹೇಳ್ಬೇಕಲ್ಲಜ್ಜ!"

"ಹೇಳಿದ್ರೆ ಆ ಹುಡುಗಿಗೆ ಬ್ಯಾಸರ ಆಗಲ್ವಾ?"

ವಾಪಸ್ ಬರುವ ಬಸ್ಸಿನಲ್ಲಿ ಡಾಕ್ಟರು ಕಿಟಕಿಯ ಸರಳಿಗೆ ದಾರ ಸುತ್ತಿದರು, ಆದರೆ ಗಂಟು ಹಾಕಲಿಲ್ಲ. ಐಮಂಗಲ ದಾಟಿದ ಮೇಲೆ ಒಂದೇ ಮಾತಾಡಿದರು. "ಸೊಸೆಗೆ ಗೊತ್ತಿತ್ತು. ಮಾವಂಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಕೇಳ್ತಾ ಕೂತಿರೋ ನಂಗೊಬ್ಬನಿಗೇ ಗೊತ್ತಿರ್ಲಿಲ್ಲ." ಒಬ್ಬನಿಗೇ ಎಂಬಲ್ಲಿ ನನ್ನನ್ನೂ ಸೇರಿಸಿಕೊಂಡು ಇಬ್ಬರಿಗೇ ಎನ್ನಲಿಲ್ಲ. ಅದು ಮಾತಿನ ಓಟವೋ, ಬೇಕೆಂದೇ ಅಂದದ್ದೋ? ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುವಂತಿರಲಿಲ್ಲ. ಡೈರಿ: "ಬಸ್ಸಿನಲ್ಲಿ ಸರ್ ಹೆಚ್ಚು ಮಾತಾಡಲಿಲ್ಲ. ನಾನೂ."

ಆಮೇಲೆ ನಡೆದದ್ದು ಅವರನ್ನು ಬಲ್ಲವರಿಗೆಲ್ಲ ಗೊತ್ತು. ಎಲ್ಲ ಮನೆಗಳಿಗೂ ಮತ್ತೆ ಹೋಗಬೇಕೆಂದರು. ಆದರೆ ಉಣ್ಣುವ ಮುದ್ದೆಯನ್ನು ತಕ್ಕಡಿಗೆ ಹಾಕಲು ಯಾವ ಮನೆಯವರೂ ಒಪ್ಪಲಿಲ್ಲ. "ಉಣ್ಣೋ ಅನ್ನ ತೂಗಿದ್ರೆ ಉಂಡೋರಿಗೆ ದಕ್ಕಲ್ಲಮ್ಮ" ಎಂದು ರಾಮಗಿರಿಯ ಆ 'ಪರವಾಗಿಲ್ಲ'ದ ಹೆಂಗಸೇ ನನ್ನನ್ನು ಗದರಿದಳು. ಅದಕ್ಕೆ ಡಾಕ್ಟರು ಕುಂಬಾರರ ಮನೆಯಿಂದ ಹದ ಮಾಡಿದ ಮಣ್ಣು ತರಿಸಿದರು. ರೋಗಿಯೊಂದಿಗೆ ಆಸ್ಪತ್ರೆಗೆ ಬರುವ ಅಡುಗೆಯವರ ಕೈಗೆ, ಹೆಂಡತಿಯೋ ಸೊಸೆಯೋ ಮಗಳೋ, ಮಣ್ಣು ಕೊಟ್ಟು ಎರಡು ಮುದ್ದೆ ಕಟ್ಟಿ ಎನ್ನುತ್ತಿದ್ದೆವು: ಕಾಯಿಲೆಗೆ ಮೊದಲಿನದು, ಈಗಿನದು. ಮೊದಲು ನಾಚುತ್ತಿದ್ದರು, ನಗುತ್ತಿದ್ದರು. ಮಣ್ಣು ಕೈಗೆ ಸಿಕ್ಕಿತೆಂದರೆ ಅಂಗೈ ತಾನಾಗಿ ತಿರುಗುತ್ತಿತ್ತು. ಡಾಕ್ಟರು ತಮ್ಮ ರೇಷ್ಮೆ ದಾರವನ್ನು ಮುದ್ದೆಯ ಸುತ್ತ ಹಿಡಿದು, ಗಂಟು ಹಾಕಿ, ಸ್ಕೇಲಿನ ಮೇಲಿಟ್ಟು ಅಳೆಯುತ್ತಿದ್ದರು. ಒಣಗಿದ ಮಣ್ಣಿನ ಮುದ್ದೆಗಳು ಕಿಟಕಿಯ ಉದ್ದಕ್ಕೂ ಜೋಡಿ ಜೋಡಿಯಾಗಿ ಕುಳಿತವು. ಕಸ ಗುಡಿಸುವ ಹೆಂಗಸು "ಇವೇನ್ ಸಾರ್, ಗಣಪತಿ ಹಬ್ಬಕ್ಕೆ ಈಗ್ಲೇ ಅಡ್ವಾನ್ಸಾ?" ಎಂದಳು.

ಕೈಯ ನೆನಪನ್ನು ನಂಬಬಹುದೇ ಎಂದು ನಾನು ಕೇಳಿದೆ. "ಗೊತ್ತಿಲ್ಲ, ನೋಡಾಣ" ಎಂದು, ಒಂದು ವಾರ ಬಿಟ್ಟು ಅವರಿಂದಲೇ ಇನ್ನೊಮ್ಮೆ ಕಟ್ಟಿಸಿದರು. ಕೆಲವರ ಕೈ ದಾರದಷ್ಟು ನಿಖರ, ಕೆಲವರದು ಇಲ್ಲ. ಎಷ್ಟು ಇಲ್ಲ ಎಂಬುದನ್ನೂ ಬರೆದರು.

ಹೊಸ ಅಳತೆ ಹಾಕಿ ನೋಡಿದಾಗ ಎರಡು ಜೋಡಣೆಗಳ ನಡುವಿನ ಅಂತರ ಮಾಯವಾಯಿತು. ಮುದ್ದೆಯನ್ನೇ ಚಿಕ್ಕದು ಮಾಡಿ 'ಒಂದು' ಎಂದ ಮನೆಗಳು ಅವರ ಮೆಚ್ಚಿನ ಗುಂಪಿನಲ್ಲಿ ಆಕಸ್ಮಿಕವಾಗಿ ಹೆಚ್ಚಿದ್ದವು. ದೊಡ್ಡ ಮುದ್ದೆಯನ್ನೇ ಹಾಕಿ 'ಅರ್ಧ' ಎಂದ ಮನೆಗಳು ಇನ್ನೊಂದರಲ್ಲಿ. ಸಮ್ಮೇಳನಕ್ಕೆ ಹೋಗದೆ ಪತ್ರ ಬರೆದು ಹಿಂತೆಗೆದುಕೊಳ್ಳಬಹುದಿತ್ತು. ಹೋದರು. ತಮಗೆ ಕೊಟ್ಟ ಸಮಯದಲ್ಲಿ ವೇದಿಕೆಯ ಮೇಲೆ ನಿಂತು, ನಾನು ನಿಮಗೆ ಕಳಿಸಿದ್ದು ತಪ್ಪು, ಹೇಗೆ ತಪ್ಪಾಯಿತು ಎಂದು ಹೇಳಲು ಬಂದಿದ್ದೇನೆ ಎಂದು, ಚೀಲದಿಂದ ಎರಡು ಮಣ್ಣಿನ ಮುದ್ದೆ ತೆಗೆದು ಮೇಜಿನ ಮೇಲಿಟ್ಟರಂತೆ. ಮುಂದಿನ ಸಾಲಿನವರು ನಕ್ಕರಂತೆ. ಅವರ ಜತೆ ಹೋಗಿದ್ದ ಶಿಷ್ಯ, ಬೀಳ್ಕೊಡುಗೆಯಲ್ಲಿ ಮಾತಾಡಿದವನೇ, ಬಂದು ಹೇಳಿದ: "ಕೆಲವರು ನಕ್ಕಿದ್ದು ಸರ್‌ಗೆ ಇಷ್ಟ ಆಗ್ಲಿಲ್ಲ. ವಾಪಸ್ ಬರ್ತಾ ರೈಲಲ್ಲಿ ದಾರ ಮುಟ್ಟಲಿಲ್ಲ."

ಆ ಸಾರಾಂಶ ಕಳಿಸುವ ಮೊದಲೇ ನಾನು ಬಾಯಿ ಬಿಟ್ಟಿದ್ದರೆ ಅವರು ಆ ವೇದಿಕೆಯ ಮೇಲೆ ಹಾಗೆ ನಿಲ್ಲಬೇಕಿರಲಿಲ್ಲ. ಮಾರಕ್ಕನ ತೂಕವೂ ಅಷ್ಟು ಇಳಿಯಬೇಕಿರಲಿಲ್ಲ. ಇಷ್ಟನ್ನು ನಾನು ಆಗಲೇ ಲೆಕ್ಕ ಹಾಕಿದ್ದೆ. ನೆನಪಿನ ತಟ್ಟೆಗೆ ಅನ್ನ ಬಂದದ್ದು ಆಮೇಲೆ. ಒಂದು ವರ್ಷದ ನಂತರ ಕೆಲಸ ಬಿಟ್ಟು ಹೊಳಲ್ಕೆರೆಯ ಕಾಲೇಜಿಗೆ ಪಾಠ ಮಾಡಲು ಸೇರಿದೆ.

ಕಳೆದ ಭಾನುವಾರ ಆ ಡೈರಿ ಹಿಡಿದುಕೊಂಡು ಹೊಸದುರ್ಗಕ್ಕೆ ಹೋದೆ. ನಿವೃತ್ತಿಯ ನಂತರ ಅವರು ಅಲ್ಲೇ ಇದ್ದಾರೆ. ಪಡಸಾಲೆಯಲ್ಲಿ ಕುಳಿತಿದ್ದರು. ಕುರ್ಚಿ ಬೇರೆ, ಆದರೆ ಅದರ ಕೈಗೂ ಆಗಲೇ ಕಪ್ಪು ದಾರ ಹತ್ತಿತ್ತು. ನಾನು ಪೀಠಿಕೆ ಹಾಕಲಿಲ್ಲ. ಹಾಕಿದರೆ ಅಲ್ಲೇ ನಿಂತುಬಿಡುತ್ತೇನೆಂದು ಗೊತ್ತಿತ್ತು. ಪುಟ ತೆರೆದು ಕೈಗೆ ಕೊಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಮೇಲಿದ್ದ ತಾರೀಖಿನ ಮೇಲೆ ಬೆರಳಿಟ್ಟರು. ಆ ಬೆರಳು ಅಲ್ಲಾಡುವುದನ್ನೇ ನಾನು ಕಾಯುತ್ತಿದ್ದೆ.

"ಆರು ತಿಂಗಳು" ಎಂದರು.

"ಹೌದು ಸರ್."

"ಯಾಕ್ ಹೇಳ್ಲಿಲ್ಲ?"

"ಕೆಲಸ ಹೋಗ್ತದೆ ಅಂತ."

"ಹೋಗ್ತಿತ್ತು. ಕಳಿಸೇಬಿಡ್ತಿದ್ದೆ." ಅದರಲ್ಲಿ ಸಮಾಧಾನ ಮಾಡುವ ದನಿ ಇರಲಿಲ್ಲ. ಡೈರಿ ಮುಚ್ಚಿ ಮೊಣಕಾಲ ಮೇಲಿಟ್ಟುಕೊಂಡರು. "ಉಣ್ಣಬ್ಯಾಡ ಅಂದೋನು ನಾನು. ಉಂಡಿದ್ರೆ ಮಾತ್ರ ಕಾಣೋ ವಿಷಯ ಇದು. ಉಂಡೋರನ್ನ ಮನೆಗೆ ಕಳಿಸ್ತೀನಿ ಅಂದೋನೂ ನಾನೇ." ತಲೆ ಅಲ್ಲಾಡಿಸಿದರು. "ಆ ಹೋಳಿಗೆ ಹುಡುಗ ಏನೇನ್ ಕಂಡಿದ್ನೋ. ಕೇಳ್ಲೇ ಇಲ್ಲ."

ನಾನು ಏಳಬೇಕೋ ಕೂರಬೇಕೋ ತಿಳಿಯದೆ ಕುರ್ಚಿಯ ತುದಿಗೆ ಬಂದಿದ್ದೆ. ಆಗ ಅವರು ಡೈರಿಯನ್ನು ಮತ್ತೆ ತೆರೆದರು.

"ಎರಡರಷ್ಟು ಅಂತ ಬರ್ದೀಯಲ್ಲ. ಅಂದ್ರೆ ಎಷ್ಟು?"

"ದೊಡ್ಡದಿತ್ತು ಸರ್."

"ದೊಡ್ಡದು ಅಂದ್ರೆ?"

ಎದ್ದು ಒಳಗೆ ಹೋದವರು ಒಂದು ಪಾತ್ರೆ ಹಿಡಿದುಕೊಂಡು ಬಂದರು. ಹಿಂದೆಯೇ ಅವರ ಹೆಂಡತಿ. "ರೀ, ಮಧ್ಯಾಹ್ನದ ಚಪಾತಿಗೆ ಕಲ್ಸಿಟ್ಟಿರೋದು ಅದು!"

"ವಾಪಸ್ ಕೊಡ್ತೀವಿ ಕಣೇ. ಏಳಮ್ಮ, ಕೈ ತೊಳ್ಕೊಂಡು ಬಾ. ಮೊದ್ಲು ಆ ಯಜಮಾನಂದು ಕಟ್ಟು, ಆಮೇಲೆ ನಿಂದು."

ನಾನು ಮುದ್ದೆ ಉಂಡು ಬೆಳೆದವಳು, ಕಟ್ಟಲು ಕಲಿತವಳಲ್ಲ. ಹಾಸ್ಟೆಲ್ಲು, ಓದು, ಕೆಲಸ. ಹಿಟ್ಟು ನನ್ನ ಅಂಗೈಯಲ್ಲಿ ಒಂದು ಕಡೆಗೆ ವಾಲಿತು. ಅವರ ಹೆಂಡತಿ ಬಾಗಿಲಿಗೆ ಒರಗಿ ನಿಂತು "ಇದೇನ್ ಮುದ್ದೆನಾ, ಆಲೂಗಡ್ಡೆನಾ?" ಎಂದರು. ಕಣ್ಣು ಮುಚ್ಚಿ ಶ್ರೀರಾಂಪುರದ ತಟ್ಟೆಯನ್ನು ನೆನೆಯಲು ನೋಡಿದೆ. ಹೂವಿನ ಅಂಚು ಬಂತು, ಅದರೊಳಗೆ ಮತ್ತೆ ಅನ್ನ ಬಂತು. ಹೇಗೋ ಎರಡು ಕಟ್ಟಿ ಇಟ್ಟೆ. ಡಾಕ್ಟರು ಕುರ್ಚಿಯ ಕೈಯಿಂದ ದಾರ ಬಿಚ್ಚಿ ಒಂದೊಂದರ ಸುತ್ತ ಹಿಡಿದು ಗಂಟು ಹಾಕಿದರು. ಕತ್ತರಿಸಿ, ಸ್ಕೇಲಿನ ಮೇಲಿಟ್ಟು, ಕಾಗದದ ಮೇಲೆ ಏನೋ ಗೀಚಿದರು.

"ಎರಡರಷ್ಟು ಇಲ್ಲಲ್ಲಮ್ಮ. ಒಂದೂವರೆ ಬರ್ತೈತೆ."

"ಡೈರೀಲಿ ಎರಡರಷ್ಟು ಅಂತಿದೆ ಸರ್."

"ಡೈರಿ ಬರೆಯೋವಾಗ ನಿನ್ ಹೊಟ್ಟೆ ತುಂಬಿತ್ತು. ತುಂಬಿದ ಹೊಟ್ಟೆಗೆ ಮುದ್ದೆ ದೊಡ್ಡದಾಗಿ ಕಾಣ್ತೈತೇನೋ. ಗೊತ್ತಿಲ್ಲ. ಇನ್ನೊಂದ್ಸಲ ಕಟ್ಟು, ನೋಡಾಣ."

ಎರಡನೆಯ ಸಲ ಮೂರರಷ್ಟು ಬಂತು. ಅವರು ಗಟ್ಟಿಯಾಗಿ ನಕ್ಕರು. ಯಲ್ಲದಕೆರೆಯಿಂದ ಬಂದ ದಿನದಿಂದ ನಾನು ಕೇಳದಿದ್ದ ನಗು ಅದು. ಹಾಗೆಂದು ನನ್ನ ನೆನಪು ಹೇಳುತ್ತದೆ. ನಡುವೆ ಎಷ್ಟೋ ಸಲ ನಕ್ಕಿರಬಹುದು.

ಅವರ ಹೆಂಡತಿ ಬಂದು ಎಲ್ಲ ಹಿಟ್ಟನ್ನೂ ಒಟ್ಟುಗೂಡಿಸಿ ಪಾತ್ರೆಗೆ ಹಾಕಿಕೊಂಡು ಹೋದರು. ನಾನು ಚೀಲ ಎತ್ತಿಕೊಂಡೆ.

"ಎಲ್ಲಿಗೆ ಹೊಂಟೆ? ಕುಂತ್ಕೋ. ಉಂಡ್ಕೊಂಡು ಹೋಗು" ಎಂದರು ಡಾಕ್ಟರು. ಅಷ್ಟು ವರ್ಷ ಅವರ ಕೈಕೆಳಗೆ ಇದ್ದರೂ ಆ ಮಾತನ್ನು ಅವರಿಂದ ನಾನು ಕೇಳಿದ್ದು ಅದೇ ಮೊದಲು. ಕತ್ತರಿಸಿದ ದಾರಗಳನ್ನು ಡೈರಿಯ ಆ ಪುಟದಲ್ಲಿಟ್ಟು ನನ್ನ ಕಡೆ ಚಾಚಿದರು.

ಅವತ್ತಿನ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: "ಇವತ್ತು ಹೊಸದುರ್ಗದಲ್ಲಿ ಊಟ ಮಾಡಿದೆ. ಮೂರು ಚಪಾತಿ. ಒಂದು ಚಪಾತಿ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಐದನೆಯ ದಾರವೊಂದನ್ನು ಇಟ್ಟಿದ್ದೇನೆ. ಊಟದ ನಡುವೆ ಅದನ್ನು ಅಳೆದವರು ಸರ್."